‘ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟ್ ಸೇಲ್’: ತೇಗದ ಮೇಜು ಅಂದರೆ ಮೊದಲು ಅಡಿಗೆ ಬಗ್ಗಿ ನೋಡಿ

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಫರ್ನಿಚರ್ ಹುಡುಕುತ್ತಿರುವವರು ದಯವಿಟ್ಟು ಓದಿ. ಅದರಲ್ಲೂ ‘ಮನೆ ಖಾಲಿ ಮಾಡ್ತಿದೀವಿ, ಪ್ಯೂರ್ ಟೀಕ್‌ವುಡ್, ಚೌಕಾಸಿ ಬೇಡ’ ಅನ್ನೋ ಜಾಹೀರಾತು ನೋಡಿ ಆಗಲೇ ಫೋನ್ ಕೈಗೆತ್ತಿಕೊಂಡವರು.

ನಾವು ತಂದದ್ದು ಊಟದ ಮೇಜು, ಆರು ಕುರ್ಚಿ. 28,000 ರೂಪಾಯಿ. ಮಾರಿದ ದಂಪತಿಯದು ಬಲು ನಯವಾದ ಮಾತು. ‘ನಮ್ಮತ್ತೆ ಆಸೆಪಟ್ಟು ಮಾಡಿಸಿದ್ದು ಮೇಡಂ, ಪುಣೆಗೆ ಸಾಗಿಸೋಕಾಗಲ್ಲ, ಒಳ್ಳೆ ಮನೆ ಸೇರಲಿ ಅಂತ ಕೊಡ್ತಿದೀವಿ’ ಎಂದು ಆಕೆ ಕಣ್ಣು ಬೇರೆ ಒರೆಸಿಕೊಂಡರು. ನೋಡಲು ಕರೆದದ್ದು ಕತ್ತಲಾದ ಮೇಲೆ. ಹಾಲಿನಲ್ಲಿ ಒಂದೇ ಹಳದಿ ಬಲ್ಬು, ಅದರಡಿ ಪಾಲಿಶ್ ಫಳಫಳ.

ಮಳೆ ಹಿಡಿಯುವ ಹೊತ್ತಿಗೆ ಮೇಜಿನ ಕಾಲಿನ ಬುಡದಲ್ಲಿ ಪುಡಿ ಬೀಳತೊಡಗಿತು. ಗುಡಿಸಿದರೆ ಮಾರನೇ ದಿನ ಮತ್ತೆ. ಪರಿಚಯದ ಆಚಾರರನ್ನು ಕರೆಸಿದೆವು. ಅವರು ಮೇಜು ಮಗುಚಿ, ಕಾಲಿನ ಒಳಮೈಯನ್ನು ಬ್ಲೇಡಿನಲ್ಲಿ ಹೆರೆದರು. ಕಂದು ಬಣ್ಣ ಎದ್ದುಬಂತು, ಕೆಳಗೆ ಬಿಳಿಚಿಕೊಂಡ ಮರ. ಅದರ ತುಂಬ ಒಂದೆರಡು ಮಿಲಿಮೀಟರಿನ ತೂತುಗಳು, ಅವಕ್ಕೆ ಬಣ್ಣದ ಮೇಣ ತುಂಬಿ ಮುಚ್ಚಿದ್ದರು. ‘ಇದು ರಬ್ಬರ್ ಮರ ಕಣಮ್ಮ. ಮೇಲಿನ ಹಲಗೆ ಎಂಡಿಎಫ್ಫು, ಮರದ ನಾರಿನ ಪುಡಿಗೆ ಅಂಟು ಹಾಕಿ ಒತ್ತಿರೋದು. ತೇಗ ಅಂದ್ರೆ ಅದರ ಮೇಲೆ ಅಂಟಿಸಿರೋ ಈ ಸಿಪ್ಪೆ ಅಷ್ಟೇ.’

ರಬ್ಬರ್ ಮರವೇನೂ ಕೆಟ್ಟದ್ದಲ್ಲ. ಅದರಲ್ಲಿ ಪಿಷ್ಟ ಜಾಸ್ತಿ, ಮರ ಕೊರೆದು ಪುಡಿ ಉದುರಿಸುವ ಹುಳ ಬೇಗ ಹಿಡಿಯುತ್ತೆ. ಅದಕ್ಕೇ ಕಾರ್ಖಾನೆಗಳಲ್ಲಿ ಬೋರಾನ್ ಔಷಧಿ ಉಣಿಸಿ ಒಣಗಿಸಿ ಬಳಸುತ್ತಾರೆ. ರಬ್ಬರ್ ಮರ ಅಂತಲೇ ಹೇಳಿ ಅದರ ಬೆಲೆಗೆ ಕೊಟ್ಟಿದ್ದರೆ ಯಾರದೂ ತಕರಾರಿಲ್ಲ. ತೇಗದ ಚೇಗಿಗೆ, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗಕ್ಕೆ, ಈ ಹುಳ ಬಾಯಿ ಹಾಕುವುದಿಲ್ಲ. ಆದರೆ ಚೇಗಿನ ಸುತ್ತಲಿನ ಬಿಳಿ ಭಾಗ ಸೇರಿಸಿ ಮಾಡಿದ್ದರೆ ಅಸಲಿ ತೇಗಕ್ಕೂ ಹಿಡಿಯುತ್ತೆ. ಪುಡಿ ಮೈದಾದಷ್ಟು ನುಣುಪಾಗಿದ್ದರೆ ಈ ಹುಳದ್ದು. ಗಸಗಸೆಯಂತೆ ಕಾಳುಕಾಳಾಗಿದ್ದರೆ ಒಣಮರದ ಗೆದ್ದಲು, ಅದನ್ನಂತೂ ಮನೆಯೊಳಗೆ ಇಟ್ಟುಕೊಳ್ಳಲೇಬೇಡಿ, ಬಾಗಿಲ ಚೌಕಟ್ಟಿಗೂ ಹಬ್ಬೀತು.

ಮಾರಿದವರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅಪಾರ್ಟ್‌ಮೆಂಟಿಗೇ ಹೋದರೆ ಸೆಕ್ಯುರಿಟಿಯವರು ‘ಅವ್ರು ಇಲ್ಲಿ ವಾಸ ಇರ್ಲಿಲ್ಲ ಮೇಡಂ, ಆಗಾಗ ಟೆಂಪೋದಲ್ಲಿ ಸಾಮಾನು ಬರ್ತಿತ್ತು, ಹೋಗ್ತಿತ್ತು’ ಅಂದರು. ಆಮೇಲೆ ಇನ್ನೊಂದು ಹೆಸರಿನಲ್ಲಿ ಜಾಹೀರಾತು ಕಂಡಿತು: ಅದೇ ಪರದೆ, ಅದೇ ಟೈಲ್ಸು, ಈ ಸಲ ದಿವಾನ. ಪುಣೆ ಹೋಗಿ ಅಮೆರಿಕ ಆಗಿತ್ತು!

ಹಳೇ ಸಾಮಾನಿನ ವ್ಯಾಪಾರಿ ಅಂಗಡಿ ಹಾಕಿಕೊಂಡು ಕೂತಿದ್ದರೆ ನಾಳೆ ಹೋಗಿ ಜಗಳವಾದರೂ ಆಡಬಹುದು. ಸಂಸಾರಸ್ಥರ ವೇಷದಲ್ಲಿ ಮಾರುವವರನ್ನು ಹುಡುಕುವುದೆಲ್ಲಿ? ಹಾಗಾಗಿ ಯಾರದಾದರೂ ಮನೆಗೆ ಹೋದರೆ ಮನೆಯನ್ನೂ ನೋಡಿ. ನಾವು ಹೋದ ಮನೆಯ ಗೋಡೆಗೆ ಒಂದು ಮೊಳೆ ಇರಲಿಲ್ಲ, ದೇವರ ಗೂಡಿನಲ್ಲಿ ಅರಿಶಿನ ಕುಂಕುಮದ ಕಲೆ ಇರಲಿಲ್ಲ, ಅಡುಗೆಮನೆ ಕಟ್ಟೆ ಒಗ್ಗರಣೆ ಕಂಡಂತಿರಲಿಲ್ಲ.

ಹಗಲಲ್ಲೇ ಹೋಗಿ, ಟಾರ್ಚ್ ಇರಲಿ. ಪಾಲಿಶ್ ಮಾಡಿದ ಮೇಲ್ಮೈ ಬಿಡಿ, ಪಾಲಿಶ್ ತಲುಪದ ಜಾಗ ನೋಡಿ: ಮೇಜಿನ ಅಡಿ, ಡ್ರಾಯರಿನ ಹಿಂಬದಿ, ಕಾಲಿನ ತಳ, ಸ್ಕ್ರೂ ಕೂತ ತೂತು. ಹಲಗೆಯ ಮೇಲೆ ಓಡುವ ಮರದ ಗೆರೆ ಕೊನೆಯ ಅಂಚಿನಲ್ಲೂ ಇಳಿದಿರಬೇಕು. ಅಂಚಿಗೆ ಬೀಡಿಂಗ್ (ತೆಳು ಪಟ್ಟಿ) ಹೊಡೆದು ಮುಚ್ಚಿದ್ದರೆ ಅನುಮಾನಪಡಿ. ಹಳೇ ಸಾಮಾನಿಗೆ ಹೊಚ್ಚಹೊಸ ಪಾಲಿಶ್ ಇದ್ದರೆ ಯಾಕೆ ಅಂತ ಕೇಳಿ. ಕಾಲನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಪುಡಿ ಉದುರಿದರೆ ಅಲ್ಲಿಂದಲೇ ವಾಪಸ್. ಸಾಧ್ಯವಾದರೆ ಆಚಾರರನ್ನೇ ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿ ದಂಡವಲ್ಲ.

‘ಬೇರೆ ಪಾರ್ಟಿ ಬರ್ತಿದಾರೆ, ಟೋಕನ್ ಹಾಕಿ’ ಅಂದರೆ ಹಾಕಬೇಡಿ. ನೀವೇ ಮಾರುವವರಾದರೆ ಇನ್ನೊಂದು ಕಾಟ: ಮಿಲಿಟರಿಯವನು ಅಂತ ಹೇಳಿಕೊಂಡು ಫೋನ್ ಮಾಡಿ, ಮೇಜು ನೋಡದೆಯೇ ಒಪ್ಪಿ, ದುಡ್ಡು ಹಾಕ್ತೀನಿ ಅಂತ ಕ್ಯೂಆರ್ ಕೋಡ್ ಕಳಿಸುತ್ತಾರೆ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಒತ್ತುವುದೇ ಬೇಡ. ಒತ್ತಿದರೆ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.