ಹಳೆ ಫಿಯಾಟ್ ಕೊಳ್ಳುವವರೇ, ಮೊದಲು ಅಡಿಗೆ ಬಗ್ಗಿ ನೋಡಿ

ನಿನ್ನೆ ರಾತ್ರಿ ಗೆಳೆಯನೊಬ್ಬ ಒಂಬತ್ತು ಫೋಟೋ ಕಳಿಸಿದ. ಕೆನೆ ಬಣ್ಣದ ಫಿಯಾಟ್. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ. ಒಳಗೆ ಕೆಂಪು ರೆಕ್ಸಿನ್ ಸೀಟು, ಸ್ಟೇರಿಂಗಿಗೆ ಅಂಟಿಕೊಂಡ ಹ್ಯಾಂಡ್ ಗೇರು. "ಒಂದೂವರೆ ಲಕ್ಷ ಹೇಳ್ತಿದ್ದಾನೆ. ಅಪ್ಪನಿಗೆ ಕೊಡಿಸುವಾ ಅಂತ. ಹೆಂಗಿದೆ?" ಅಂತ ಕೇಳಿದ್ದ.

ಒಂಬತ್ತು ಫೋಟೋದಲ್ಲಿ ಒಂದರಲ್ಲೂ ಗಾಡಿಯ ಅಡಿ ಇಲ್ಲ. ಎರಡು ವರ್ಷದ ಹಿಂದೆ ನನಗೆ ಬಂದ ಫೋಟೋಗಳಲ್ಲೂ ಇರಲಿಲ್ಲ. ಅವನಿಗೆ ಉತ್ತರ ಬರೆಯಲು ಕೂತೆ, ಉದ್ದವಾಗುತ್ತಾ ಹೋಯಿತು. ಹಾಗಾಗಿ ಎಲ್ಲರಿಗೂ ಕಾಣಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಮಾರಿದವನ ಹೆಸರು, ಊರು ಬರೆಯುವುದಿಲ್ಲ. ಅವನೊಬ್ಬನೇ ಹೀಗೆ ಮಾಡುವುದು ಅಂತಲೂ ಅಲ್ಲ.

ನನ್ನ ಅಪ್ಪ ಅಂಕೋಲೆಯಲ್ಲಿ 1979ರಿಂದ ಹದಿನಾರು ವರ್ಷ ಬೇರೆಯವರ ಫಿಯಾಟ್ ಟ್ಯಾಕ್ಸಿ ಓಡಿಸಿದವನು. ಮದುವೆ ದಿಬ್ಬಣ ಇರುತ್ತಿತ್ತು, ಆದರೆ ಜಾಸ್ತಿ ಬಾಡಿಗೆ ಕಾಯಿಲೆಯವರದ್ದೇ. ರಾತ್ರಿ ಯಾರೋ ಬಾಗಿಲು ಬಡಿಯುವುದು, ಅಪ್ಪ ಅಂಗಿ ಹಾಕಿಕೊಳ್ಳುತ್ತಾ ಹೊರಡುವುದು, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲವಾದರೆ ಕೆಳಗೆ ಮಣಿಪಾಲ. ದೊಡ್ಡ ಆಸ್ಪತ್ರೆ ಬೇಕು ಅಂತ ನಮ್ಮ ಜಿಲ್ಲೆಯವರು ಈಗಲೂ ಕೇಳುತ್ತಲೇ ಇದ್ದೇವೆ, ಆಗಿನ ಕತೆ ಹೇಳುವುದೇ ಬೇಡ. ಆ ಗಾಡಿಗೆ ಪದ್ಮಿನಿ ಅಂತ ಹೆಸರಿತ್ತು. ಊರಲ್ಲಿ ಒಬ್ಬರೂ ಹಾಗೆ ಕರೆದದ್ದು ನಾನು ಕೇಳಿಲ್ಲ. ಇಟಲಿಯ ಫಿಯಾಟ್ 1100 ಅನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು. 1974ರಲ್ಲಿ ಪದ್ಮಿನಿ ಅಂತ ಹೆಸರಿಟ್ಟರು. ನಮಗೆ ಅದು ಫಿಯಾಟೇ.

2023ರ ಅಕ್ಟೋಬರ್ ಕೊನೆಗೆ ಅಪ್ಪ ಊಟ ಮಾಡುತ್ತಿದ್ದವನು ಟಿವಿ ಸೌಂಡ್ ಜಾಸ್ತಿ ಮಾಡಿದ. ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು ಅಂತ ಸುದ್ದಿ. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕಡೆಯ ಪದ್ಮಿನಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ಕ್ಕೆ. ಅಪ್ಪ ಏನೂ ಹೇಳಲಿಲ್ಲ. ಅನ್ನ ಕಲಸಿದ ಕೈ ಒಣಗುವವರೆಗೆ ಹಾಗೇ ಕೂತಿದ್ದ. ನನ್ನ ತಲೆಯಲ್ಲಿ ಹುಳ ಬಿದ್ದದ್ದು ಆಗ.

ಜನವರಿಯಲ್ಲಿ ಹೆದ್ದಾರಿ ಬದಿಯ ಒಂದು ಶೆಡ್ಡಿನಲ್ಲಿ ಗಾಡಿ ಸಿಕ್ಕಿತು. 1986ರದ್ದು. ಕೆಎ ನಂಬರ್ ಶುರುವಾಗುವುದಕ್ಕೂ ಮುಂಚಿನ ನಂಬರು. ಹೊಸ ಪೇಂಟು ಹೇಗೆ ಹೊಳೆಯುತ್ತಿತ್ತು ಅಂದರೆ ಬೋನೆಟ್ ಮೇಲೆ ತೆಂಗಿನ ಮರ ಕಾಣುತ್ತಿತ್ತು. ಸೆಲ್ಫ್ ಹೊಡೆದ, ಒಂದೇ ಸಲಕ್ಕೆ ಸ್ಟಾರ್ಟ್. ಆ ಶಬ್ದ ಕೇಳಿ ನಾನು ಅರ್ಧ ಸೋತೆ.

"ಅಡಿ ಎಲ್ಲ ಹೆಂಗಿದೆ?" ಅಂತ ಕೇಳಿದೆ. ಕೇಳಿದ್ದು ಹೌದು, ಬಗ್ಗಿ ನೋಡಲಿಲ್ಲ. ಬಿಳಿ ಪ್ಯಾಂಟು ಹಾಕಿಕೊಂಡು ಹೋಗಿದ್ದೆ, ಅದೇ ಕಾರಣ.

"ಸರ್, ಹತ್ತು ವರ್ಷದ ಹಿಂದೆನೇ ಟಿಂಕರ್ ಕೆಲಸ ಆಗಿದ್ದು. ಕಲ್ಲು ಇದ್ದ ಹಾಗೆ ಇದೆ. ಮತ್ತೆ ಇದು ವಿಂಟೇಜು, ಆರ್‌ಟಿಒ ರಗಳೆ ಏನೂ ಇಲ್ಲ" ಅಂದ.

1,60,000 ಕೊಟ್ಟೆ. ಇಪ್ಪತ್ತು ಸಾವಿರ ಫೋನಿನಲ್ಲಿ, ಉಳಿದದ್ದು ಕ್ಯಾಶ್. ರಸೀದಿ ಕೇಳಲಿಲ್ಲ. ಗಾಡಿ ಮನೆಗೆ ಬಂದ ದಿನ ಅಪ್ಪ ಅದರ ಸುತ್ತ ಒಂದು ಸುತ್ತು ಬಂದ. ಎಡಗಡೆ ಹಿಂದಿನ ಬಾಗಿಲ ಹತ್ತಿರ ನಿಂತು, ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದ. ಆಮೇಲೆ ನನ್ನ ಮುಖ ನೋಡಿ, "ಚಲೋ ಇದೆ ತಮಾ" ಅಂದ. ಆ ಬಡಿತ ನಾನು ಕಂಡೆ, ಅದೇನು ಅಂತ ಕೇಳಬೇಕು ಅಂತ ಹೊಳೆಯಲಿಲ್ಲ.

ಮೊದಲ ರಗಳೆ ಅರಬೈಲಿನಲ್ಲಿ. ಮಾರ್ಚ್ ಬಿಸಿಲು, ಮುಂದೆ ಲೋಡಿನ ಲಾರಿಗಳ ಸಾಲು, ನಾವು ಎರಡನೇ ಗೇರಿನಲ್ಲಿ ತೆವಳುತ್ತಿದ್ದೆವು. ಗಾಡಿ ಕೆಮ್ಮಿತು, ನಿಂತಿತು. ನಾನು ಮೆಕ್ಯಾನಿಕ್ಕಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತಿದ್ದೆ. ಅಪ್ಪ ಪಾಣಿಪಂಚೆಯನ್ನು ಬಾಟಲಿ ನೀರಿನಲ್ಲಿ ನೆನೆಸಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿದ. ಇದರ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಬಿಸಿಗೆ ಪೈಪಿನಲ್ಲೇ ಪೆಟ್ರೋಲು ಆವಿಯಾಗುತ್ತದೆ, ಆವಿಯನ್ನು ಪಂಪು ಎಳೆಯಲಾರದು. ಹತ್ತು ನಿಮಿಷದಲ್ಲಿ ಗಾಡಿ ಸ್ಟಾರ್ಟ್. ಅಷ್ಟು ಖುಷಿಯಾಗಿ ಅಪ್ಪನನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಸತ್ಯ ಹೇಳಬೇಕಲ್ವಾ, ಆ ಹತ್ತು ನಿಮಿಷಕ್ಕೆ ನಾನು ಇವತ್ತಿಗೂ ಬೇಸರ ಪಡುವುದಿಲ್ಲ. ಇಂಥ ತೊಂದರೆ ಈ ಗಾಡಿಯ ಹುಟ್ಟುಗುಣ, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, 1089 ಸಿಸಿ ಎಂಜಿನ್ನು, ಸುಮಾರು 40 ಕುದುರೆಯ ಶಕ್ತಿ. ಗೊತ್ತಿದ್ದೇ ಕೊಳ್ಳಬೇಕು.

ಬೈಯಬೇಕಾದ ವಿಷಯ ಹೊರಬಿದ್ದದ್ದು ಆ ಮಳೆಗಾಲದಲ್ಲಿ. ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, 2024ರ ಜುಲೈ, ಅದಕ್ಕೂ ಎರಡು ವಾರ ಮುಂಚೆ. ಮನೆ ಅಂಗಳದಲ್ಲೇ ಎಡಗಡೆ ಹಿಂದಿನ ಟೈರು ಪಂಕ್ಚರ್. ಜಾಕಿ ಕೊಟ್ಟು ತಿರುಗಿಸಿದೆ. ಜಾಕಿ ಏರುತ್ತಿದೆ, ಗಾಡಿ ಏರುತ್ತಿಲ್ಲ. ಹಪ್ಪಳ ಮುರಿದ ಹಾಗೆ ಒಂದು ಶಬ್ದ. ನೋಡಿದರೆ ಜಾಕಿಯ ತಲೆ ಬಾಗಿಲ ಕೆಳಗಿನ ಪಟ್ಟಿಯ ಒಳಗೆ ಹೋಗಿ ಕೂತಿದೆ. ಪಟ್ಟಿ ಮಡಚಿಕೊಂಡಿದೆ. ಮೇಲಿನ ಕೆನೆ ಬಣ್ಣದ ಪೇಂಟು ಮಾತ್ರ ಒಡೆಯದೆ ಹಾಗೇ ಬಾಗಿತ್ತು.

ಟಿಂಕರ್ ಮೇಸ್ತ್ರಿಯನ್ನು ಕರೆಸಿದೆ. ಅವರು ಬಂದು ಏನೂ ಮಾತಾಡಲಿಲ್ಲ. ಒಂದು ಸ್ಕ್ರೂಡ್ರೈವರ್ ತೆಗೆದು ಪಟ್ಟಿಯ ಇನ್ನೊಂದು ತುದಿಗೆ ಇಟ್ಟು ಅಂಗೈಯಿಂದ ಒಂದು ತಟ್ಟಿದರು. ಹಿಡಿಕೆಯವರೆಗೆ ಹೋಯಿತು. ಹೊರಗೆ ಎಳೆದಾಗ ಜೊತೆಗೆ ಪೇಂಟಿನ ಅಡಿಗೆ ಮೆತ್ತುವ ಪುಟ್ಟಿಯ ತುಂಡು ಬಂತು, ಹೆಬ್ಬೆರಳಿನಷ್ಟು ದಪ್ಪ. ಅದರ ಹಿಂದೆ ಕೋಳಿ ಗೂಡಿಗೆ ಹಾಕುವ ಜಾಲರಿ. ಜಾಲರಿಯ ಹಿಂದೆ ಮುದ್ದೆ ಮಾಡಿ ತುರುಕಿದ ಪೇಪರು. ಒದ್ದೆ ಪೇಪರನ್ನು ಅಂಗಳದ ಮೇಲೆ ಬಿಡಿಸಿದೆವು. ಕ್ರಿಕೆಟ್ ವಿಶ್ವಕಪ್ ಫೈನಲ್ ಸುದ್ದಿ. ಅಂದರೆ 2023ರ ನವೆಂಬರ್. ನಾನು ಗಾಡಿ ಕೊಂಡದ್ದಕ್ಕೆ ಎರಡು ತಿಂಗಳು ಮುಂಚೆ. ಹತ್ತು ವರ್ಷದ ಹಿಂದಿನ ಕಲ್ಲಿನಂಥ ಕೆಲಸ!

ಆಮೇಲೆ ಮ್ಯಾಟ್ ಎತ್ತಿದೆವು. ಡ್ರೈವರ್ ಕಾಲಿಡುವ ಜಾಗದಲ್ಲಿ ತಗಡು ಬೇರೆಯೇ ಬಣ್ಣ. ಮೇಸ್ತ್ರಿ ಡಾಂಬರು ಕೆರೆದರು. ಎಣ್ಣೆ ಡಬ್ಬದ ತಗಡು. "ನಿವ್ವಳ ತೂಕ 15 ಕೆಜಿ" ಅಂತ ಅಕ್ಷರ ಸ್ವಚ್ಛವಾಗಿ ಓದಬಹುದಿತ್ತು. ನಾಲ್ಕು ಮೂಲೆಗೆ ನಾಲ್ಕು ರಿವೆಟ್. ಆರು ತಿಂಗಳಿಂದ ಅಪ್ಪ ಅದರ ಮೇಲೆ ಕಾಲಿಟ್ಟು ಗಾಡಿ ಓಡಿಸಿದ್ದ.

ಜೀಪಿಗಾದರೆ ಕೆಳಗೆ ಪ್ರತ್ಯೇಕ ಚಾಸಿಸ್ ಇರುತ್ತದೆ, ಮೇಲಿನ ತಗಡು ಹೋದರೂ ನಡೆಯುತ್ತದೆ. ಫಿಯಾಟಿಗೆ ಹಾಗಿಲ್ಲ. ಅಂಬಾಸಡರಿಗೂ ಇಲ್ಲ. ಬಾಡಿಯೇ ಚಾಸಿಸ್. ಫ್ಲೋರು ಮತ್ತು ಬಾಗಿಲ ಕೆಳಗಿನ ಆ ಪಟ್ಟಿಯೇ ಇಡೀ ಗಾಡಿಯ ಭಾರ ಹೊರುವುದು. ಆ ಪಟ್ಟಿ ಒಳಗೆ ಟೊಳ್ಳು. ನೀರು ಇಳಿದು ಹೋಗಲಿ ಅಂತ ಕೆಳಗೆ ತೂತು ಇಡುತ್ತಾರೆ. ಅದು ಕೆಸರಿನಿಂದಲೋ ಪುಟ್ಟಿಯಿಂದಲೋ ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಉಳಿದ ದಿನ ಉಪ್ಪು ಗಾಳಿ. ಹೊಸ ಬೈಕಿನ ಸೈಲೆನ್ಸರೇ ಇಲ್ಲಿ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ನೋಡಿದ್ದೀರಲ್ಲ. ಈ ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಪೇಂಟಿನ ಮೇಲೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ. ಗುಳ್ಳೆಯೂ ಕಾಣದಿದ್ದರೆ ಇನ್ನೂ ಅನುಮಾನ ಪಡಿ, ಪೇಂಟ್ ಹೊಸದು.

ಅದಕ್ಕೇ ಗೆಳೆಯನಿಗೆ ಹೇಳಿದ್ದು: ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತ ತಗೊಂಡು ಹೋಗು. ತಗಡಿದ್ದಲ್ಲಿ ಹಿಡಿಯುತ್ತದೆ, ದಪ್ಪ ಪುಟ್ಟಿ ಇದ್ದಲ್ಲಿ ಜಾರುತ್ತದೆ. ಮ್ಯಾಟ್ ಎತ್ತಿಸು. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ ಅದರ ಕೆಳಗೆ ನೋಡು. ಎಲ್ಲಕ್ಕಿಂತ ಮುಖ್ಯ, ಅವನ ಕೈಯಲ್ಲೇ ಜಾಕಿ ಕೊಡಿಸು. ಗಾಡಿ ಎತ್ತಿದಾಗ ನಾಲ್ಕೂ ಬಾಗಿಲು ಮೊದಲಿನ ಹಾಗೇ ಹಾಕಿ ತೆಗೆಯಲು ಬರಬೇಕು. ಸಿಕ್ಕಿಹಾಕಿಕೊಂಡರೆ ಬಾಡಿ ಬಾಗುತ್ತಿದೆ ಅಂತ ಅರ್ಥ. ಜಾಕಿ ಕೊಡಲು ಮಾರುವವನೇ ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ವಾಪಸ್ ಬಾ.

ಇನ್ನು ಕಾಗದ ಪತ್ರ. ಇದು ತುಕ್ಕಿಗಿಂತ ದೊಡ್ಡ ರಗಳೆ.

ಅವನು ವಿಂಟೇಜ್ ಅಂದನಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ವಿಂಟೇಜ್ ಆಗಲು ಗಾಡಿಗೆ 50 ವರ್ಷ ದಾಟಬೇಕು. ಅಂಥ ಗಾಡಿಗೆ ನಂಬರಿನಲ್ಲಿ 'ವಿಎ' ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಅದನ್ನು ದಿನಾ ರಸ್ತೆಯಲ್ಲಿ ಓಡಿಸುವ ಹಾಗೂ ಇಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಅಷ್ಟೆ. 1986ರ ಫಿಯಾಟು ಸರ್ಕಾರದ ಲೆಕ್ಕದಲ್ಲಿ ಬರೀ ಹಳೆ ಗಾಡಿ. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಲೇಬೇಕು. ನನ್ನ ಗಾಡಿಯದ್ದು 2016ಕ್ಕೇ ಮುಗಿದಿತ್ತು. ಆರ್‌ಸಿ ಬುಕ್ಕಿನಲ್ಲಿ ಆ ಸೀಲಿನ ಮೇಲೇ ಎಣ್ಣೆ ಕಲೆ. ನಾನು ಕಲೆ ನೋಡಿ, ಆಹಾ ಎಷ್ಟು ಹಳೆ ಬುಕ್ಕು ಅಂತ ಫೋಟೋ ತೆಗೆದಿದ್ದೆ.

ಕಾರವಾರದಲ್ಲಿ ಏಜೆಂಟರಿಗೆ ಎಲ್ಲ ತೋರಿಸಿದೆ. ನಂಬರ್ ಆನ್‌ಲೈನಿನಲ್ಲಿ ಹಾಕಿದರೆ ಏನೂ ಬರುತ್ತಿಲ್ಲ. ಕೈಬರಹದ ಕಾಲದ ಬುಕ್ಕು, ಕಂಪ್ಯೂಟರಿಗೆ ಏರಿಸಿಯೇ ಇಲ್ಲ. ಮೊದಲು ಅದು ಹುಟ್ಟಿದ ಆಫೀಸಿನಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಆಗಬೇಕು ಅಂದರು. ಆಮೇಲೆ ಎಂಜಿನ್ ನಂಬರ್ ನೋಡಿದರು. ಬುಕ್ಕಿನಲ್ಲಿರುವುದು ಒಂದು, ಗಾಡಿಯಲ್ಲಿರುವುದು ಇನ್ನೊಂದು. ಯಾವಾಗಲೋ ಬೇರೆ ಎಂಜಿನ್ ಕೂರಿಸಿದ್ದಾರೆ, ಬುಕ್ಕಿನಲ್ಲಿ ಏರಿಸಿಲ್ಲ. ಕಡೆಗೆ ಹೆಸರು ಬದಲಿಸುವ ಫಾರ್ಮ್ 29, 30 ನೋಡಿದರು, ಮಾರಿದವನು ಸಹಿ ಸಮೇತ ಕೊಟ್ಟಿದ್ದು. ಅದರಲ್ಲಿದ್ದ ಮಾಲೀಕರ ವಿಳಾಸ ಹುಡುಕಿಕೊಂಡು ನಾನೇ ಹೋದೆ. ಬಾಗಿಲು ತೆಗೆದದ್ದು ಅವರ ಮಗಳು. "ಅಪ್ಪ ತೀರಿಕೊಂಡು ಐದು ವರ್ಷ ಆಯ್ತಲ್ಲ" ಅಂದರು. ಫಾರ್ಮಿನ ಮೇಲಿನ ಸಹಿ ಯಾರದ್ದು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಾ ಕೊಟ್ಟರು.

ಮಾಲೀಕ ತೀರಿಕೊಂಡಿದ್ದರೆ ಗಾಡಿ ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಮರಣ ಪತ್ರ ಬೇಕು, ಆಮೇಲೆ ನನ್ನ ಹೆಸರಿಗೆ. ಮಕ್ಕಳು ಮೂವರು. ಇಬ್ಬರ ಒಪ್ಪಿಗೆ ಸಿಕ್ಕಿದೆ, ಮೂರನೆಯವರು ಮಸ್ಕತ್‌ನಲ್ಲಿ ಇದ್ದಾರೆ. ಇದು ಮುಗಿಯುವಷ್ಟರಲ್ಲಿ ಇನ್ನೊಂದು ಆಯಿತು. ನಾನು ಮೊದಲು ವಿಚಾರಿಸಿದಾಗ ರಿನ್ಯೂವಲ್ ಫೀ 5,000 ಇತ್ತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು.

ಮಾರಿದವನಿಗೆ ಫೋನ್ ಮಾಡಿದೆ. ಮೊದಲ ಸಲ, "ಸರ್, ಹಳೆ ಗಾಡಿ ಅಂದ್ರೆ ಅಷ್ಟೆಲ್ಲ ಇರ್ತದೆ" ಅಂದ. ಎರಡನೇ ಸಲ ಎತ್ತಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗಬಹುದಿತ್ತು. ಆದರೆ 1,40,000 ಕ್ಯಾಶ್ ಕೊಟ್ಟದ್ದಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ಫೋನಿನಲ್ಲಿ ಹೋದ ಇಪ್ಪತ್ತು ಸಾವಿರ ಮಾತ್ರ ಕಾಣುತ್ತದೆ. ನೀವು ಈ ತಪ್ಪು ಮಾಡಬೇಡಿ, ನೂರು ರೂಪಾಯಿ ಆದರೂ ಬ್ಯಾಂಕಿನಿಂದಲೇ ಕೊಡಿ.

ಫ್ಲೋರು, ಎರಡೂ ಪಟ್ಟಿ ಹೊಸದಾಗಿ ಕಟ್ಟಲು ಮೇಸ್ತ್ರಿ 1,10,000 ಹೇಳಿದ್ದಾರೆ. ಹೆಸರು ಬದಲಾಗದೆ ಆ ದುಡ್ಡು ಹಾಕುವುದಿಲ್ಲ ಅಂತ ಕೂತಿದ್ದೇನೆ. ಗಾಡಿ ಅಂಗಳದಲ್ಲಿ ಇಟ್ಟಿಗೆಯ ಮೇಲೆ ನಿಂತಿದೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ, ಹಳೆ ರಬ್ಬರ್ ಪೈಪುಗಳಿಗೂ ಆಗುವುದಿಲ್ಲ. ಅದಕ್ಕೆ ಟ್ಯಾಂಕ್ ಖಾಲಿ ಮಾಡಿಸಿ ಇಟ್ಟಿದ್ದೇನೆ. ಸುಮ್ನೆ ನೆನಪಿಗೆ ಒಂದು ಹಳೆ ಗಾಡಿ ಬೇಕು ಅನ್ನುವವರು ಮಾರುತಿ 800 ನೋಡಿ. 2014ರವರೆಗೂ ಬಂದ ಗಾಡಿ, ಸಾಮಾನು ಸಿಗುತ್ತದೆ, ಆನ್‌ಲೈನಿನಲ್ಲಿ ದಾಖಲೆಯೂ ಇರುತ್ತದೆ. ಅಪ್ಪನ ತಲೆಮಾರಿಗೆ ಅದು ಕಾರೇ ಅಲ್ಲ, ಅದು ಬೇರೆ ಮಾತು.

ಮೇಸ್ತ್ರಿ ಹೋದ ದಿನ ಸಂಜೆ ನಾನು ಅಪ್ಪನಿಗೆ ಕೇಳಿದೆ, ಮೊದಲ ದಿನ ಬಡಿದಿದ್ದೆಯಲ್ಲ, ಏನು ಕೇಳಿಸಿತು ಅಂತ.

"ದಬ್ ಅಂತು. ತಗಡಾದ್ರೆ ಟಣ್ ಅನ್ಬೇಕು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ದುಡ್ಡು ಕೊಟ್ಟಾಗಿತ್ತಲ್ಲೋ ಮಾರಾಯ."

ಗೆಳೆಯ ಬರುವ ಭಾನುವಾರ ಆ ಕೆನೆ ಬಣ್ಣದ ಗಾಡಿ ನೋಡಲು ಹೋಗುತ್ತಾನಂತೆ. ದುಡ್ಡು ಕೊಡುವುದಕ್ಕೆ ಮುಂಚೆ ನನ್ನ ಅಪ್ಪನನ್ನು ಕರೆದುಕೊಂಡು ಹೋಗು ಅಂದಿದ್ದೇನೆ. ಅಪ್ಪ ಒಪ್ಪಿದ್ದಾನೆ, ಹಳೆ ಅಂಗಿ ಹಾಕಿಕೊಂಡು ಬರುತ್ತೇನೆ ಅಂದಿದ್ದಾನೆ.