ಬಂಡೆಯೊಳಗಿನ ಸಾವಯವ ಇಂಗಾಲಕ್ಕೆ ಸ್ಪೆಕ್ಟ್ರೋಸ್ಕೋಪಿ ಲಾಗ್: ಹಲವು ವರ್ಷ ಬಳಸಿದವರ ಮಾತು

ಶೇಲ್ (ಜೇಡಿ ಗಟ್ಟಿಯಾಗಿ ಆದ ಪದರ ಬಂಡೆ) ಇರುವ ಎಣ್ಣೆ, ಗ್ಯಾಸ್ ಬಾವಿಗಳಲ್ಲಿ ಟಿಒಸಿ, ಅಂದರೆ ಒಟ್ಟು ಸಾವಯವ ಇಂಗಾಲ, ಎಷ್ಟಿದೆ ಎಂದು ತಿಳಿಯಲು ಹಲವು ವರ್ಷಗಳಿಂದ ಈ ಲಾಗ್ (ಬಾವಿಗೆ ಟೂಲ್ ಇಳಿಸಿ ಆಳದುದ್ದಕ್ಕೂ ಅಳೆದು ಗೆರೆಯಾಗಿ ಬರೆದ ದಾಖಲೆ) ತರಿಸುತ್ತಿದ್ದೇನೆ. 5ಕ್ಕೆ 4 ಅಂಕ ಕೊಡುತ್ತೇನೆ. ಸುಣ್ಣದ ಅಂಶ ಒಂದೊಂದು ಆಳಕ್ಕೂ ಬದಲಾಗುವ ಬಂಡೆಗೆ ಇದಕ್ಕಿಂತ ನಂಬಿಕೆಯ ಲಾಗ್ ನನಗೆ ಸಿಕ್ಕಿಲ್ಲ.

ಮೊದಲು ನೆಚ್ಚಿಕೊಂಡಿದ್ದು 1990ರಲ್ಲಿ ಪಾಸಿ ಮತ್ತು ಸಂಗಡಿಗರು ಪ್ರಕಟಿಸಿದ ಡೆಲ್ಟಾ ಲಾಗ್ ಆರ್ ವಿಧಾನವನ್ನು. ಸೋನಿಕ್ ಗೆರೆ (ಬಂಡೆಯಲ್ಲಿ ಶಬ್ದ ಸಾಗುವ ಸಮಯ), ರೆಸಿಸ್ಟಿವಿಟಿ ಗೆರೆ (ವಿದ್ಯುತ್ತಿಗೆ ಬಂಡೆ ಒಡ್ಡುವ ತಡೆ) ಎರಡನ್ನೂ ಸಾವಯವ ಇಂಗಾಲ ಕಡಿಮೆ ಇರುವ ಶೇಲ್‌ನಲ್ಲಿ ಒಂದರ ಮೇಲೊಂದು ಕೂರಿಸಬೇಕು. ಅವು ಎಲ್ಲಿ ದೂರ ಸರಿಯುತ್ತವೋ ಅಲ್ಲಿ ಇಂಗಾಲ ಇರುವ ಸಾಧ್ಯತೆ ಜಾಸ್ತಿ. ಹಳೆಯ ಬಾವಿಗಳ ಲಾಗ್ ಇದ್ದರೂ ಸಾಕು, ಹೊಸ ಖರ್ಚಿಲ್ಲ. ಆದರೆ ಇಬ್ಬರು ಕೂತು ಎರಡು ಕಡೆ ಗೆರೆ ಕೂರಿಸಿದರೆ ಎರಡು ಉತ್ತರ ಬರುತ್ತದೆ. ಭೂಮಿಯೊಳಗಿನ ಶಾಖಕ್ಕೆ ಬಂಡೆ ಎಷ್ಟು ಬೆಂದಿದೆ ಎಂಬುದೂ ಗೊತ್ತಿರಬೇಕು. ಪೈರೈಟ್ (ವಿದ್ಯುತ್ ಹರಿಯಬಿಡುವ ಕಬ್ಬಿಣದ ಖನಿಜ) ಹೆಚ್ಚಿದ್ದರೆ ರೆಸಿಸ್ಟಿವಿಟಿ ಇಳಿದು ಇಂಗಾಲ ಕಮ್ಮಿ ಇದ್ದಂತೆ ಕಾಣಿಸುತ್ತದೆ.

ಸ್ಪೆಕ್ಟ್ರೋಸ್ಕೋಪಿ ಟೂಲ್ ಹೀಗೆ ಸುತ್ತಿ ಬಳಸಿ ಊಹಿಸುವುದಿಲ್ಲ. 14 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ನ್ಯೂಟ್ರಾನ್‌ಗಳನ್ನು ಬಂಡೆಗೆ ಬಿಡುತ್ತದೆ. ಅವು ಇಂಗಾಲದ ನ್ಯೂಕ್ಲಿಯಸ್‌ಗೆ ಬಡಿದಾಗ 4.43 ಎಂಇವಿ ಗಾಮಾ ಕಿರಣ ಹೊರಡುತ್ತದೆ. ಅದನ್ನು ಎಣಿಸಿದರೆ ಒಟ್ಟು ಇಂಗಾಲ ಸಿಗುತ್ತದೆ. ಅದರಲ್ಲಿ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್), ಡಾಲಮೈಟ್ (ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಇರುವ ಕಾರ್ಬೊನೇಟ್) ಇಂಥ ಖನಿಜಗಳ ಇಂಗಾಲವನ್ನು ಕಳೆದರೆ ಉಳಿಯುವುದು ಟಿಒಸಿ.

ಈ ಕಳೆಯುವ ಲೆಕ್ಕದಲ್ಲೇ ಎಲ್ಲಾ ಇದೆ. ಕ್ಯಾಲ್ಸೈಟ್‌ನ ತೂಕದಲ್ಲಿ ಶೇ. 12 ಇಂಗಾಲ, ಡಾಲಮೈಟ್‌ನಲ್ಲಿ ಶೇ. 13. ಬಂಡೆಯಲ್ಲಿ ಶೇ. 40 ಡಾಲಮೈಟ್ ಇದೆ ಅಂದುಕೊಳ್ಳಿ. ಅದರ ಇಂಗಾಲವೇ ಶೇ. 5.2. ಮೆಗ್ನೀಸಿಯಂ ಅಳೆಯದೆ, ಇರುವ ಕ್ಯಾಲ್ಸಿಯಂ ಎಲ್ಲಾ ಕ್ಯಾಲ್ಸೈಟ್‌ನದೇ ಎಂದು ಲೆಕ್ಕ ಹಾಕಿದರೆ ಶೇ. 2.6 ಮಾತ್ರ ಕಳೆಯುತ್ತೇವೆ. ಉಳಿದ ಶೇ. 2.6 ಸುಮ್ನೆ ಟಿಒಸಿಗೆ ಸೇರಿಕೊಳ್ಳುತ್ತದೆ. ಏನೂ ಇಲ್ಲದ ಪದರ ಒಳ್ಳೆಯ ಶೇಲ್ ಆಗಿಬಿಡುತ್ತದೆ! ಹಾಗಾಗಿ ನಾನು ಟಿಒಸಿ ಗೆರೆಗಿಂತ ಮೊದಲು ನೋಡುವುದು ಮೆಗ್ನೀಸಿಯಂ ಗೆರೆಯನ್ನು. ಸಿಡರೈಟ್ (ಕಬ್ಬಿಣದ ಕಾರ್ಬೊನೇಟ್) ಇದ್ದರೆ ಕಬ್ಬಿಣದ ಗೆರೆಯನ್ನೂ ನೋಡಲೇಬೇಕು, ಅದೂ ಇಂಗಾಲ ಇರುವ ಖನಿಜವೇ.

ಒಂದು ಅಂಕ ಕಳೆದಿದ್ದು ಎಣ್ಣೆ ಬೆರೆಸಿದ ಮಡ್ (ಬಾವಿ ಕೊರೆಯುವಾಗ ಒಳಗೆ ಹರಿಸುವ ದ್ರವ) ಕಾರಣಕ್ಕೆ. ಮಡ್‌ನಲ್ಲಿರುವ ಇಂಗಾಲವೂ ಟೂಲ್‌ಗೆ ಕಾಣುತ್ತದೆ, ಅದನ್ನು ಬೇರೆಯಾಗಿ ತೆಗೆಯಬೇಕು. ಬಾವಿಯ ಗೋಡೆ ಕುಸಿದು ಅಗಲವಾದ ಕಡೆ ಈ ತಿದ್ದುಪಡಿ ನನಗೆ ಸಮಾಧಾನ ಕೊಟ್ಟಿಲ್ಲ. ಅಂಥ ಆಳಗಳ ಅಂಕಿಗಳನ್ನು ನಾನು ಬಿಟ್ಟೇಬಿಡುತ್ತೇನೆ. ಟೂಲ್ ಅನ್ನು ನಿಧಾನ ಎಳೆಯಬೇಕು ಎಂಬುದೂ ನೆನಪಿರಲಿ. ಅವಸರ ಮಾಡಿದರೆ ಇಂಗಾಲದ ಎಣಿಕೆ ಸಾಲದೆ ಗೆರೆ ಗರಗಸದಂತೆ ಏರಿಳಿಯುತ್ತದೆ.

ಕೋರ್ (ಬಾವಿಯಿಂದ ಕೊರೆದು ಮೇಲೆ ತಂದ ಬಂಡೆಯ ಮಾದರಿ) ಜೊತೆ ಹೋಲಿಸುವಾಗ ತಾಳ್ಮೆ ಬೇಕು. ಟೂಲ್ ಒಂದಷ್ಟು ದಪ್ಪದ ಬಂಡೆಯ ಸರಾಸರಿ ಹೇಳುತ್ತದೆ, ಲ್ಯಾಬ್‌ಗೆ ಹೋಗುವುದು ಒಂದು ಚೂರು. ತೆಳು ಪದರಗಳ ಶೇಲ್‌ನಲ್ಲಿ ಎರಡೂ ಹೊಂದದಿದ್ದರೆ ಟೂಲ್‌ನದೇ ತಪ್ಪು ಅನ್ನೋಕಾಗಲ್ಲ. ಅಲ್ಲದೆ ಟೂಲ್ ಕೆರೋಜೆನ್ (ಬಂಡೆಯೊಳಗಿನ ಘನ ಸಾವಯವ ವಸ್ತು) ಜೊತೆಗೆ ಬಿಟುಮೆನ್ (ಡಾಂಬರಿನಂಥ ವಸ್ತು), ಎಣ್ಣೆ, ಗ್ಯಾಸ್‌ನ ಇಂಗಾಲವನ್ನೂ ಸೇರಿಸುತ್ತದೆ. ಕೋರ್ ಮೇಲೆ ಬರುವಷ್ಟರಲ್ಲಿ ಗ್ಯಾಸ್ ಹೋಗಿರುತ್ತದೆ, ಹಗುರ ಎಣ್ಣೆಯೂ ಅಷ್ಟಿಷ್ಟು ಆರಿರುತ್ತದೆ. ಇಷ್ಟೆಲ್ಲಾ ಇದ್ದರೂ ಕೋರ್ ಬಿಡಬೇಡಿ. ಮೊದಲ ಬಾವಿಯಲ್ಲಾದರೂ ಎರಡೂ ಮಾಡಿಸಿ.

ಜೇಡಿ ಖನಿಜಗಳೇ ತುಂಬಿರುವ, ಎಲ್ಲಾ ಕಡೆ ಒಂದೇ ಥರದ ಶೇಲ್, ಜೊತೆಗೆ ಸಾಕಷ್ಟು ಕೋರ್ ಇದ್ದರೆ ಸಾಂದ್ರತೆ ಲಾಗ್‌ನಿಂದಲೇ ಕೆಲಸ ನಡೆಯುತ್ತದೆ, ಈ ಖರ್ಚು ಬೇಡ. ತರಿಸುವುದೇ ಆದರೆ ಬರೀ ಟಿಒಸಿ ಗೆರೆ ಒಪ್ಪಿಕೊಳ್ಳಬೇಡಿ. ಒಟ್ಟು ಇಂಗಾಲ, ಖನಿಜದ ಇಂಗಾಲ, ಮೆಗ್ನೀಸಿಯಂ, ಪ್ರತಿ ಆಳಕ್ಕೂ ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬ ಗೆರೆ, ಇಷ್ಟನ್ನೂ ಬೇರೆ ಬೇರೆಯಾಗಿ ಕೇಳಿ ತೆಗೆದುಕೊಳ್ಳಿ.