ಏರ್ ಫಿಲ್ಟರ್: ಕಂಪನಿದೇ ಬೇಕಾ, ಹೊರಗಿಂದು ಸಾಕಾ?

ನಮ್ಮದು 2014ರ ಪೆಟ್ರೋಲ್ ಸ್ವಿಫ್ಟ್. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್‌ನಲ್ಲಿ ತೆವಳುತ್ತದೆ, ಎರಡು ತಿಂಗಳಿಗೊಮ್ಮೆ ಊರಿಗೆ, ಅಂದ್ರೆ ಸಂಡೂರಿಗೆ ಹೋಗುತ್ತದೆ. ಸಂಡೂರು ಅಂದ ಮೇಲೆ ಧೂಳಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಕೂಡ್ಲಿಗಿಯಿಂದ ಆ ಕಡೆ ತಿರುಗಿ ಅದಿರಿನ ಲಾರಿ ಹಿಂದೆ ಸಿಕ್ಕಿಕೊಂಡರೆ ಬಿಳಿ ಕಾರೂ ಇಟ್ಟಿಗೆ ಬಣ್ಣ ಆಗುತ್ತದೆ. ಎಂಜಿನ್‌ಗೆ ಹೋಗುವ ಗಾಳಿಯ ಧೂಳನ್ನು ಸೋಸುವ ಕಾಗದದ ಏರ್ ಫಿಲ್ಟರ್ ಇದೆಯಲ್ಲ, ಇಷ್ಟು ವರ್ಷದಲ್ಲಿ ಅದನ್ನು ಮೂರು ಥರದ್ದು ಹಾಕಿ ನೋಡಿದ್ದೇನೆ. ನನಗೊಂದು ಅನುಕೂಲ ಇದೆ. ನಮ್ಮೂರ ಧೂಳು ಕೆಂಪು, ಫಿಲ್ಟರ್ ತಪ್ಪಿಸಿಕೊಂಡು ಒಳಗೆ ಹೋದರೆ ಕಣ್ಣಿಗೆ ಕಾಣುತ್ತದೆ.

ಮೊದಲು ಕೆಟ್ಟದ್ದನ್ನೇ ಹೇಳಿಬಿಡುತ್ತೇನೆ. ವೈಪರ್ ತರೋಣ ಅಂತ ಜೆ.ಸಿ. ರಸ್ತೆಗೆ ಹೋದವನು ಒಂದು ಅಂಗಡಿಯಲ್ಲಿ ಏರ್ ಫಿಲ್ಟರನ್ನೂ ಕೇಳಿದೆ. "ಸಾರ್, ಇದೂ ಅದೇ ಮಾಲು, ಡಬ್ಬ ಮಾತ್ರ ಬೇರೆ" ಅಂತ ಹೆಸರೇ ಇಲ್ಲದ ಒಂದನ್ನು ಕೈಗಿಟ್ಟರು. 120 ರೂಪಾಯಿ. ಹಾಕುವಾಗಲೇ ಅನುಮಾನ ಬರಬೇಕಿತ್ತು, ಮುಚ್ಚಳ ಸಲೀಸಾಗಿ ಕೂತುಬಿಟ್ಟಿತು, ಕ್ಲಿಪ್ ಹಾಕಲು ಬೆರಳು ನೋಯಲೇ ಇಲ್ಲ. ಊರಿಗೆ ಎರಡು ಸಲ ಹೋಗಿ ಬಂದ ಮೇಲೆ ಬಿಚ್ಚಿ, ಎಂಜಿನ್ ಕಡೆಯ ಭಾಗವನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಗಾಯಿತು. ಒಂದು ಮೂಲೆಯಲ್ಲಿ ಧೂಳು ನುಗ್ಗಿದ ಗೆರೆ ರಂಗೋಲಿ ಎಳೆ ಎಳೆದ ಹಾಗೆ ಬಿದ್ದಿತ್ತು.

ಇಲ್ಲಿ ಗಮನಿಸಬೇಕಾದದ್ದು ಏನಂದ್ರೆ, ಕಾಗದ ಎಲ್ಲೂ ಹರಿದಿರಲಿಲ್ಲ. ತಪ್ಪಿದ್ದು ಸುತ್ತಲಿನ ಮೆತ್ತನೆ ಅಂಚಿನದು. ನಾವೆಲ್ಲ ಅಂಗಡಿಯಲ್ಲಿ ಕಾಗದದ ಮಡಿಕೆ ಎಷ್ಟಿದೆ, ಬಿಳಿ ಇದೆಯಾ ಹಳದಿ ಇದೆಯಾ ಅಂತ ನೋಡುತ್ತೇವೆ, ಅಂಚನ್ನು ಯಾರೂ ಒತ್ತಿ ನೋಡಲ್ಲ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಹೆಚ್ಚುಕಡಿಮೆ 9,000 ಲೀಟರ್ ಗಾಳಿ ಬೇಕು. ಅಷ್ಟು ಗಾಳಿ ಎಳೆಯುವಾಗ ಕೂದಲೆಳೆಯಷ್ಟು ಸಂದು ಸಿಕ್ಕರೂ ಸಾಕು, ಧೂಳು ಅಲ್ಲೇ ನುಗ್ಗುತ್ತದೆ. ಒಳಗೆ ಹೋಗಿ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಎಲ್ಲವನ್ನೂ ಸ್ಯಾಂಡ್‌ಪೇಪರ್ ಥರ ತಿನ್ನುತ್ತದೆ. ಆಮೇಲೆ ಆಯಿಲ್ ಕುಡಿಯುವ ಎಂಜಿನ್ ರಿಪೇರಿಗೆ ಎಷ್ಟು ಅಂತ ಯಾವ ಮೆಕ್ಯಾನಿಕ್‌ನನ್ನು ಬೇಕಾದರೂ ಕೇಳಿ.

ಎರಡನೆಯದು ಹೆಸರಿರುವ ಹೊರಗಿನ ಮಾಲು. ಬಾಷ್, ಪ್ಯೂರೊಲೇಟರ್, ಎಲೋಫಿಕ್ ಅಂತೆಲ್ಲ ಸಿಗುತ್ತವಲ್ಲ, ಅಂಥದ್ದರಲ್ಲಿ ಒಂದು. ಅಂಚು ಒತ್ತಿದರೆ ಸ್ಪಂಜಿನ ಹಾಗೆ ವಾಪಸ್ ಬರುತ್ತಿತ್ತು, ಮುಚ್ಚಳಕ್ಕೆ ಸ್ವಲ್ಪ ಬಲ ಹಾಕಬೇಕಾಯಿತು, ಹಾಗೇ ಇರಬೇಕು ಕೂಡ. ಅದೇ ದಾರಿ, ಅದೇ ಲಾರಿಗಳು, ಬಟ್ಟೆ ಮಾತ್ರ ಸ್ವಚ್ಛ. ಓಡಿಸುವಾಗ ಕಂಪನಿದಕ್ಕೂ ಇದಕ್ಕೂ ನನಗೆ ಎಳ್ಳಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ.

ಹಾಗಾದ್ರೆ ಕಂಪನಿದು ಯಾಕೆ? ನನ್ನ ಗಾಡಿಗೆ ಎರಡರ ನಡುವೆ ನೂರು ರೂಪಾಯಿಯೂ ವ್ಯತ್ಯಾಸ ಇರಲಿಲ್ಲ, ಸುಮ್ನೆ ಅಷ್ಟಕ್ಕೆ ತಲೆ ಯಾಕೆ ಕೆಡಿಸಿಕೊಳ್ಳುವುದು ಅಂತ ಈಗ ಕಂಪನಿದೇ ಹಾಕಿಸಿದ್ದೇನೆ. ದುಬಾರಿ ಗಾಡಿಗಳಲ್ಲಿ ಬೆಲೆಯ ಅಂತರ ಜಾಸ್ತಿ ಇರುತ್ತದೆ, ಅಲ್ಲಿ ಹೆಸರಿರುವ ಹೊರಗಿನದನ್ನೇ ತಗೊಳ್ಳಿ, ಧಾರಾಳವಾಗಿ. ಒಂದು ಮಾತು, ಕಂಪನಿ ಡಬ್ಬದಲ್ಲೇ ಡೂಪ್ಲಿಕೇಟ್ ಕೂಡ ಬರುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಪಾರ್ಟ್ ನಂಬರ್, ಅಂಚಿನ ದಪ್ಪ ಎರಡನ್ನೂ ಹೋಲಿಸಿ.

ನಮ್ಮ ಷಡ್ಡಕ ತೊಳೆದು ಮತ್ತೆ ಹಾಕುವ ಎಣ್ಣೆ ಸವರಿದ ಹತ್ತಿ ಫಿಲ್ಟರ್ ಹಾಕಿಸಿದ್ದಾರೆ. ಸಾವಿರಗಟ್ಟಲೆ ಬೆಲೆ. ಸದ್ದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ತೊಳೆದ ಮೇಲೆ ಎಣ್ಣೆ ಜಾಸ್ತಿ ಸವರಿದರೆ ಗಾಳಿ ಅಳೆಯುವ ಸೆನ್ಸರ್‌ಗೆ ಅಂಟಿಕೊಳ್ಳಬಹುದು. ನಾನಂತೂ ಸಂಡೂರಿನ ಧೂಳಿಗೆ ಅದನ್ನು ಹಾಕಲ್ಲ.

ಇನ್ನು ಮೈಲೇಜ್. "ಫಿಲ್ಟರ್ ಚೇಂಜ್ ಮಾಡಿಸಿ ಸಾರ್, ಮೈಲೇಜ್ ಬರುತ್ತೆ" ಅಂತ ಎಲ್ಲ ಗ್ಯಾರೇಜಲ್ಲೂ ಹೇಳುತ್ತಾರೆ, ಅಲ್ವಾ? ಪೆಟ್ರೋಲ್, ಗಾಳಿ ಬೆರೆಸಲು ಕಂಪ್ಯೂಟರ್ ಇಲ್ಲದ ಹಳೆ ಕಾರ್ಬುರೇಟರ್ ಕಾಲದಲ್ಲಿ ಅದು ನಿಜ. ಈಗಿನ ಗಾಡಿಯಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷಿಸಿತ್ತು, ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಹೇಳಿಕೊಳ್ಳುವಷ್ಟು ಬಿದ್ದಿರಲಿಲ್ಲ, ಪಿಕಪ್ ಮಾತ್ರ ಕುಗ್ಗಿತ್ತು. ಅದಕ್ಕೇ ಮೈಲೇಜ್ ಆಸೆಗೆ ಪದೇ ಪದೇ ಬದಲಿಸಬೇಡಿ. ಸ್ವಲ್ಪ ಧೂಳು ಹಿಡಿದ ಕಾಗದ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ.

ಸರ್ವಿಸ್‌ನಲ್ಲಿ ಕಂಪ್ರೆಸರ್ ಗಾಳಿ ಹೊಡೆಯುವಾಗ ಹತ್ತಿರ ನಿಂತು ನೋಡಿ. ಸ್ವಚ್ಛ ಇರುವ ಕಡೆಯಿಂದ ಧೂಳಿನ ಕಡೆಗೆ, ಸ್ವಲ್ಪ ದೂರದಿಂದ ಹೊಡೆಯಬೇಕು. ನಮ್ಮ ಹುಡುಗರು ಉಲ್ಟಾ ಹಿಡಿದು, ಪೂರ್ತಿ ಪ್ರೆಶರ್‌ನಲ್ಲಿ ಹೊಡೆದು, ಒಳ್ಳೆ ಫಿಲ್ಟರನ್ನೂ ತೂತು ಮಾಡಿ ಕೊಡುತ್ತಾರೆ.

ದೀಪಾವಳಿಗೆ ಊರಿಗೆ ಹೋಗಿ ಬಂದು ಮೊನ್ನೆ ಮತ್ತೆ ಬಿಚ್ಚಿ ಒರೆಸಿದೆ. ಬಿಳಿ ಬಟ್ಟೆ ಬಿಳಿಯಾಗಿಯೇ ಇತ್ತು. ಕಾರು ಮಾತ್ರ ಇನ್ನೂ ತೊಳೆದಿಲ್ಲ.